ಬಾನಾತ್ ಸೀಮೆಯಲ್ಲಿ ಬಂದು ನೆಲಸಿದವರು

ಚರಿತ್ರೆಯ ಪಾಠವನ್ನು ನಾವು ಬಹುಮಟ್ಟಿಗೆ ಅರಸರಿಂದ ಆರಂಭಿಸಿ ಅರಸರಲ್ಲಿಯೇ ಮುಗಿಸುತ್ತೇವೆ. ಯಾರು ಯಾವ ಕೋಟೆಯನ್ನು ಗೆದ್ದರು, ಯಾವ ವರ್ಷ ಯಾವ ಒಪ್ಪಂದವಾಯಿತು ಎಂಬುದನ್ನು ಮಕ್ಕಳು ಕಂಠಪಾಠ ಮಾಡುತ್ತಾರೆ. ಆದರೆ ಆ ಕೋಟೆಯ ಸುತ್ತಣ ಹಳ್ಳಿಗಳಲ್ಲಿ ಆ ಬಳಿಕ ಯಾರು ಉತ್ತರು, ಯಾರು ಬಿತ್ತಿದರು, ಮನೆಯೊಳಗೆ ಯಾವ ನುಡಿಯನ್ನು ಆಡಿದರು, ಅವರ ಮಕ್ಕಳಿಗೆ ಶಾಲೆಯಲ್ಲಿ ಯಾವ ಅಕ್ಷರವನ್ನು ತಿದ್ದಿಸಲಾಯಿತು ಎಂಬ ಪ್ರಶ್ನೆಗಳು ಪಾಠದ ಹೊರಗೆ ಉಳಿದುಬಿಡುತ್ತವೆ. ಗಡಿಯಾಚೆಗೆ ಬಾಳುವ ನಮ್ಮಂಥವರಿಗೆ ಈ ಪ್ರಶ್ನೆಗಳೇ ಹೆಚ್ಚು ಹತ್ತಿರದವು. ಆದುದರಿಂದ ಈ ಸಲ ದೂರದ ರುಮೇನಿಯಾ ದೇಶದ ಒಂದು ಸೀಮೆಯನ್ನೂ, ಅಲ್ಲಿಯ ಎರಡು ಹಳ್ಳಿಗಳನ್ನೂ ವಾಚಕರ ಮುಂದಿಡಲು ನಾವು ಬಯಸುತ್ತೇವೆ. ಎರಡೂ ಹೊರಗಿನಿಂದ ಬಂದವರ ಹಳ್ಳಿಗಳು. ಎರಡರ ಗತಿಯೂ ಬೇರೆ ಬೇರೆಯಾಯಿತು. ಅದಕ್ಕೆ ಕಾರಣವೇನೆಂಬುದೇ ಈ ಲೇಖನದ ವಿಷಯ.

ಸೀಮೆಯ ಪರಿಚಯ

ಉತ್ತರಕ್ಕೆ ಮುರೇಶ್ ನದಿ, ಪಶ್ಚಿಮಕ್ಕೆ ತಿಸಾ ನದಿ, ದಕ್ಷಿಣಕ್ಕೆ ಡ್ಯಾನ್ಯೂಬ್ ಮಹಾನದಿ, ಪೂರ್ವಕ್ಕೆ ಕಾರ್ಪೇಥಿಯನ್ ಪರ್ವತಗಳು—ಈ ನಾಲ್ಕು ಎಲ್ಲೆಗಳ ನಡುವಣ ಸೀಮೆಗೆ ಬಾನಾತ್ ಎಂದು ಹೆಸರು. ಇಂದು ಇದರ ಸುಮಾರು ಮೂರನೆಯ ಎರಡು ಪಾಲು ರುಮೇನಿಯಾದಲ್ಲಿದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಸರ್ಬಿಯಾಕ್ಕೂ, ಒಂದು ಸಣ್ಣ ತುಂಡು ಹಂಗೇರಿಗೂ ಸೇರಿದೆ. ತಿಮಿಶ್ವಾರಾ ಇದರ ಮುಖ್ಯ ಪಟ್ಟಣ. ಪೂರ್ವಭಾಗ ಗುಡ್ಡಗಾಡು, ಪಶ್ಚಿಮಭಾಗ ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ಬಯಲು. ಈ ಬಯಲಿನ ಕರಿಯ ಮಣ್ಣಿನಲ್ಲಿ ಗೋಧಿಯೂ ಮುಸುಕಿನ ಜೋಳವೂ ಹುಲುಸಾಗಿ ಬೆಳೆಯುತ್ತವೆ. ಆದರೆ ಇನ್ನೂರೈವತ್ತು ಮುನ್ನೂರು ವರ್ಷಗಳ ಹಿಂದೆ ಇದೇ ಬಯಲಿನ ಬಹುಭಾಗ ಜೌಗು ಭೂಮಿಯಾಗಿತ್ತು.

1552ರಲ್ಲಿ ತಿಮಿಶ್ವಾರಾ ಕೋಟೆಯು ತುರ್ಕರ ವಶವಾಯಿತು. 1716ರಲ್ಲಿ ಸವಾಯ್ ವಂಶದ ರಾಜಕುಮಾರ ಯೂಜೀನನು ಆಸ್ಟ್ರಿಯಾದ ಹಾಪ್ಸ್‌ಬರ್ಗ್ ಚಕ್ರವರ್ತಿಯ ಪರವಾಗಿ ಅದನ್ನು ಗೆದ್ದುಕೊಂಡನು. 1718ರ ಪಸಾರೋವಿಟ್ಸ್ ಒಪ್ಪಂದದಿಂದ ಇಡೀ ಬಾನಾತ್ ಆಸ್ಟ್ರಿಯಾಕ್ಕೆ ಸೇರಿತು. ಹೊಸ ಅಧಿಕಾರಿಗಳು 1717ರಲ್ಲಿಯೇ ಹಳ್ಳಿಗಳ ಲೆಕ್ಕ ತೆಗೆದಾಗ 663 ಊರುಗಳೂ 21,000ಕ್ಕೂ ಮಿಕ್ಕ ಮನೆಗಳೂ ದಾಖಲಾದವು. ಹೀಗೆಂದ ಮೇಲೆ, ಬಾನಾತ್ ಬರಿದಾದ ನೆಲವಾಗಿತ್ತು, ಜರ್ಮನರು ಬಂದು ಅದಕ್ಕೆ ಜೀವ ಕೊಟ್ಟರು ಎಂಬ ಮಾತು ಪೂರ್ಣ ಸತ್ಯವಲ್ಲ. ರುಮೇನಿಯನ್ ಕುರುಬರೂ ರೈತರೂ, ಸರ್ಬಿಯನರೂ ಅಲ್ಲಿ ಮೊದಲಿನಿಂದ ಇದ್ದರು. ಜನಸಂಖ್ಯೆ ವಿರಳವಾಗಿತ್ತು ಎಂಬುದಷ್ಟೇ ನಿಜ. ಮುಂದೆ ಹೊಸಬರಿಗೆ ಜಾಗ ಮಾಡಿಕೊಡಲು ಕೆಲವು ಕಡೆ ಈ ಹಳಬರನ್ನೇ ಎಬ್ಬಿಸಿ ಬೇರೆಡೆಗೆ ಸಾಗಿಸಿದರು. ನೆಲೆಸಿದವರ ಚರಿತ್ರೆಯನ್ನು ಓದುವಾಗ ಹೀಗೆ ಎಬ್ಬಿಸಲ್ಪಟ್ಟವರನ್ನು ಮರೆಯಬಾರದು.

ಮೂರು ಅಲೆಗಳು

ವಿಯೆನ್ನಾದ ಆಡಳಿತಗಾರರ ಲೆಕ್ಕಾಚಾರ ಸರಳವಾಗಿತ್ತು. ತುರ್ಕರ ಗಡಿಯನ್ನು ಕಾಯಲು ನಂಬಿಕೆಯ ಪ್ರಜೆಗಳು ಬೇಕು. ಖಜಾನೆ ತುಂಬಲು ಕಂದಾಯ ಬೇಕು. ಕಂದಾಯ ಬರಲು ಬೇಸಾಯ ಬೇಕು. ಬೇಸಾಯಕ್ಕೆ ಕೈಗಳು ಬೇಕು. ಮೊದಲನೆಯ ಗವರ್ನರನಾದ ಕೌಂಟ್ ಮೆರ್ಸಿ ಎಂಬವನು 1722ರಿಂದ 1726ರ ವರೆಗೆ ರೈನ್ ನದಿಯ ಆಸುಪಾಸಿನ ಸೀಮೆಗಳಿಂದ ರೈತರನ್ನೂ ಕುಶಲಕರ್ಮಿಗಳನ್ನೂ ಕರೆಸಿದನು. 1728ರಲ್ಲಿ ಬೇಗಾ ನದಿಯನ್ನು ನೇರಗೊಳಿಸುವ ಕಾಲುವೆಯ ಕೆಲಸ ಆರಂಭವಾಯಿತು. ನೀರು ಬಸಿದಂತೆಲ್ಲ ಜೌಗು ಹೊಲವಾಗತೊಡಗಿತು. ಆದರೆ 1737ರಲ್ಲಿ ಮತ್ತೆ ತುರ್ಕರೊಡನೆ ಯುದ್ಧ, ಅದರ ಬೆನ್ನಿಗೇ ಪ್ಲೇಗು. ಮೊದಲು ಬಂದವರಲ್ಲಿ ಬಹುಮಂದಿ ಅಳಿದುಹೋದರು. ಎರಡನೆಯ ಅಲೆ ಮಾರಿಯಾ ಥೆರೇಸಾ ಸಾಮ್ರಾಜ್ಞಿಯ ಕಾಲದ್ದು. 1763ರಿಂದ 1773ರ ವರೆಗೆ ಅದು ನಡೆಯಿತು. ಮೂರನೆಯದು ಅವಳ ಮಗನಾದ ಎರಡನೆಯ ಜೋಸೆಫನ ಕಾಲದ್ದು. 1782ರಿಂದ 1787ರ ವರೆಗೆ.

ಬರುವವರು ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಸೇರಿ, ಹಲಗೆಗಳನ್ನು ಜೋಡಿಸಿ ಮಾಡಿದ ಚಪ್ಪಟೆ ತಳದ ದೋಣಿಗಳಲ್ಲಿ ಡ್ಯಾನ್ಯೂಬಿನ ಹರಿವಿನೊಡನೆ ಕೆಳಕ್ಕೆ ಸಾಗುತ್ತಿದ್ದರು. ವಿಯೆನ್ನಾದಲ್ಲಿ ಹೆಸರು ಬರೆಸಿಕೊಂಡು ಮುಂದೆ ಹೋಗಬೇಕು. ಉಲ್ಮ್ ಪಟ್ಟಣವು ಶ್ವಾಬಿಯಾ ಪ್ರಾಂತದಲ್ಲಿರುವುದರಿಂದ ಇವರಿಗೆಲ್ಲ ‘ಶ್ವಾಬರು’ ಎಂಬ ಹೆಸರು ಅಂಟಿಕೊಂಡಿತು. ವಾಸ್ತವವಾಗಿ ಅವರಲ್ಲಿ ಶ್ವಾಬಿಯಾದವರು ಕೊಂಚವೇ ಮಂದಿ. ಹೆಚ್ಚಿನವರು ಪ್ಯಾಲಟಿನೇಟ್, ಲೊರೇನ್, ಅಲ್ಸಾಸ್, ಲಕ್ಸೆಂಬರ್ಗ್, ಟ್ರಿಯರ್ ಮೊದಲಾದ ಕಡೆಗಳವರು. ಒಂದು ಜನಾಂಗದ ಹೆಸರು ಅದು ಹುಟ್ಟಿದ ಊರಿನಿಂದ ಬರಬೇಕೆಂಬ ನಿಯಮವಿಲ್ಲ. ದೋಣಿ ಹತ್ತಿದ ಕಟ್ಟೆಯಿಂದಲೂ ಬರಬಹುದು. ಲೊರೇನಿನವರಲ್ಲಿ ಫ್ರೆಂಚ್ ನುಡಿಯವರೂ ಇದ್ದರು. ಇಂದು ಸರ್ಬಿಯಾದಲ್ಲಿರುವ ಸೇಂಟ್ ಯೂಬೆರ್, ಶಾರ್ಲ್‌ವಿಲ್ ಎಂಬ ಹಳ್ಳಿಗಳನ್ನು 1770ರ ಸುಮಾರಿಗೆ ಅವರಿಗಾಗಿ ಕಟ್ಟಿದರು. ಕೆಲವೇ ತಲೆಮಾರುಗಳಲ್ಲಿ ಅವರ ಮೊಮ್ಮಕ್ಕಳು ಮನೆಯಲ್ಲಿ ಜರ್ಮನ್ ಆಡತೊಡಗಿದ್ದರು. ಫ್ರೆಂಚ್ ಅವರ ಮನೆತನದ ಹೆಸರುಗಳಲ್ಲಿ ಮಾತ್ರ ಉಳಿಯಿತು.

ವಲಸೆಗಾರರ ಕಷ್ಟವನ್ನು ಅವರ ಒಂದು ಗಾದೆ ಹೇಳುತ್ತದೆ: ಮೊದಲ ತಲೆಗೆ ಸಾವು, ಎರಡನೆಯ ತಲೆಗೆ ಬಡತನ, ಮೂರನೆಯ ತಲೆಗೆ ರೊಟ್ಟಿ. ಇದು ಅತಿಶಯೋಕ್ತಿಯಲ್ಲ. ಜೌಗಿನ ಚಳಿಜ್ವರ ಅವರನ್ನು ಗುಂಪುಗುಂಪಾಗಿ ಕೊಂದಿತು.

ನಿಟ್ಸ್ಕಿಡಾರ್ಫ್

ಮೂರನೆಯ ಅಲೆಯಲ್ಲಿ ಹುಟ್ಟಿದ ಹಳ್ಳಿಗಳಲ್ಲಿ ನಿಟ್ಸ್ಕಿಡಾರ್ಫ್ ಒಂದು. ತಿಮಿಶ್ವಾರಾದ ಆಗ್ನೇಯ ದಿಕ್ಕಿನಲ್ಲಿರುವ ಇದನ್ನು 1784ರಲ್ಲಿ ಸ್ಥಾಪಿಸಿದರು. ಬಾನಾತನ್ನು 1779ರಲ್ಲಿ ಹಂಗೇರಿಯ ಆಡಳಿತಕ್ಕೆ ಒಪ್ಪಿಸುವ ಕಾರ್ಯವನ್ನು ನಡೆಸಿದ ಕೌಂಟ್ ಕ್ರಿಸ್ಟಾಫ್ ನಿಟ್ಸ್ಕಿಯ ಹೆಸರನ್ನೇ ಇಟ್ಟರು; ‘ಡಾರ್ಫ್’ ಎಂದರೆ ಜರ್ಮನಿನಲ್ಲಿ ಹಳ್ಳಿ. ಹಂಗೇರಿಯನರು ಇದನ್ನು ನಿಟ್ಸ್ಕಿಫಾಲ್ವಾ ಎಂದು ಕರೆದರು. ರುಮೇನಿಯನರು ಜರ್ಮನ್ ಹೆಸರನ್ನೇ ತಮ್ಮ ಕಾಗುಣಿತದಲ್ಲಿ ಬರೆದುಕೊಂಡರು. ರುಮೇನಿಯನರ ಹಳೆಯ ಹಳ್ಳಿಗಳಾದ ಬ್ಲಾಜೋವಾ, ದುಬೋಜ್ ಎಂಬೆರಡು ನೆರೆಯಲ್ಲಿಯೇ ಇವೆ. ಇಂದು ಈ ಮೂರೂ ಸೇರಿ ಒಂದೇ ಗ್ರಾಮಾಡಳಿತ.

ಎರಡನೆಯ ಜೋಸೆಫನು 1782ರಲ್ಲಿ ಹೊರಡಿಸಿದ ಶಾಸನ ವಲಸೆಗಾರರಿಗೆ ಕೊಟ್ಟ ವಾಗ್ದಾನಗಳು ಹೀಗಿವೆ: ಧರ್ಮಾಚರಣೆಯ ಸ್ವಾತಂತ್ರ್ಯ, ಹಿತ್ತಿಲು ಸಹಿತ ಹೊಸ ಮನೆ, ಹೊಲ, ಉಳುವ ಪಶುಗಳು ಮತ್ತು ಸಲಕರಣೆಗಳು, ಹತ್ತು ವರ್ಷ ಕಂದಾಯದ ಮಾಫಿ, ಹಿರಿಯ ಮಗನಿಗೆ ಸೈನ್ಯದಿಂದ ವಿನಾಯಿತಿ. ಹಳ್ಳಿಯ ನಕಾಶೆಯನ್ನು ಸರಕಾರದ ಇಂಜಿನಿಯರುಗಳೇ ಬರೆದರು. ಚದುರಂಗದ ಹಲಗೆಯಂತೆ ನೇರ ಬೀದಿಗಳು, ನಡುವೆ ಚರ್ಚು, ಬೀದಿಯ ಕಡೆಗೆ ಮುಖಗೋಡೆ ತಿರುಗಿಸಿ ಸಾಲಾಗಿ ನಿಂತ ಒಂದೇ ಅಳತೆಯ ಮನೆಗಳು. ನಮ್ಮ ಹಳ್ಳಿಗಳು ಬಾವಿಯ ಬಳಿ, ಗುಡಿಯ ಬಳಿ, ಕೆರೆಯ ಏರಿಯ ಬಳಿ ತಮ್ಮಷ್ಟಕ್ಕೆ ಬೆಳೆದು ಬಂದವು. ಅವುಗಳ ಓಣಿಗಳಿಗೆ ಅಂಕುಡೊಂಕೇ ಸಹಜ. ಬಾನಾತಿನ ಜರ್ಮನ್ ಹಳ್ಳಿಗಳಾದರೋ ಕಾಗದದ ಮೇಲೆ ಮೊದಲು ಹುಟ್ಟಿ, ನೆಲದ ಮೇಲೆ ಆಮೇಲೆ ಹುಟ್ಟಿದವು. ಸರಕಾರವು ಗೆರೆ ಎಳೆದು ಕೊಟ್ಟ ಊರು ಅದು. ಇನ್ನೊಂದು ಸರಕಾರ ಇನ್ನೊಂದು ದಿನ ಬೇರೆ ಗೆರೆಯನ್ನೂ ಎಳೆಯಬಲ್ಲದು ಎಂಬುದು ಆಗ ಯಾರಿಗೂ ತೋರಿರಲಿಕ್ಕಿಲ್ಲ.

ಮೂರನೆಯ ತಲೆಮಾರಿಗೆ ರೊಟ್ಟಿ ದೊರೆಯಿತು. ನಾಲ್ಕನೆಯದಕ್ಕೆ ಸಂಪತ್ತೂ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾನಾತಿನ ಗೋಧಿ ದೂರ ದೂರದ ಪೇಟೆಗಳಿಗೆ ಹೋಯಿತು. ಸ್ಟೆಫಾನ್ ಯೇಗರ್ ಎಂಬ ಚಿತ್ರಕಾರನು (1877–1962) ತನ್ನ ಪೂರ್ವಿಕರ ಆಗಮನವನ್ನು ಪ್ರಯಾಣ, ವಿಶ್ರಾಂತಿ, ತಲಪುವಿಕೆ ಎಂಬ ಮೂರು ಭಾಗಗಳ ಒಂದು ದೊಡ್ಡ ಚಿತ್ರದಲ್ಲಿ ಬರೆದುದು ಈ ಸಮೃದ್ಧಿಯ ಕೊನೆಗಾಲದಲ್ಲಿಯೇ. ಜನರಿಗೆ ತಮ್ಮ ಮೂಲದ ಚಿತ್ರ ಬೇಕೆನಿಸುವುದು ಹೊಟ್ಟೆ ತುಂಬಿದ ಮೇಲೆ; ಅಥವಾ ಮೂಲವು ಕೈಬಿಡುವ ಭಯ ಹುಟ್ಟಿದ ಮೇಲೆ. ಶ್ವಾಬರಿಗೆ ಆಗ ಎರಡೂ ಇದ್ದವು.

ಶಾಲೆಯ ಬಾಗಿಲಿಗೆ ಬಂದ ಕಾನೂನು

ಭಯ ಹುಟ್ಟಿದುದು ಶಾಲೆಯಿಂದ. 1867ರಲ್ಲಿ ಆಸ್ಟ್ರಿಯಾ ಮತ್ತು ಹಂಗೇರಿಗಳ ನಡುವೆ ಒಡಂಬಡಿಕೆಯಾಗಿ, ಬಾನಾತ್ ಬುಡಾಪೆಸ್ಟಿನ ಆಡಳಿತಕ್ಕೆ ಗಟ್ಟಿಯಾಗಿ ಸೇರಿತು. 1868ರ ಜನಾಂಗಗಳ ಕಾನೂನು ಪ್ರತಿಯೊಂದು ಜನಾಂಗಕ್ಕೂ ತನ್ನ ನುಡಿಯಲ್ಲಿ ಶಾಲೆ ನಡೆಸುವ ಅವಕಾಶವನ್ನು ಕಾಗದದ ಮೇಲೆ ಕೊಟ್ಟಿತು. ಆದರೆ 1879ರಲ್ಲಿ ಹಂಗೇರಿಯನ್ ಭಾಷೆ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿಯೂ ಕಡ್ಡಾಯದ ವಿಷಯವಾಯಿತು. 1907ರಲ್ಲಿ ಶಿಕ್ಷಣಮಂತ್ರಿ ಆಪೋನಿ ತಂದ ಕಾನೂನು ಇನ್ನೂ ಮುಂದೆ ಹೋಯಿತು: ಬೇರೆ ಮಾತೃಭಾಷೆಯ ಮಗು ನಾಲ್ಕನೆಯ ವರ್ಷ ಮುಗಿಯುವುದರೊಳಗೆ ತನ್ನ ಮನಸ್ಸಿನ ವಿಚಾರವನ್ನು ಹಂಗೇರಿಯನ್ನಿನಲ್ಲಿ ಆಡಿ, ಬರೆದು ತೋರಿಸಬೇಕು. ಇದೇ ಕಾನೂನು ಉಪಾಧ್ಯಾಯರ ಸಂಬಳವನ್ನೂ ಏರಿಸಿತು. ಹಳ್ಳಿಯ ಚರ್ಚು ನಡೆಸುವ ಬಡ ಶಾಲೆಗೆ ಆ ಸಂಬಳ ಕೊಡುವ ಶಕ್ತಿಯಿಲ್ಲದೆ ಸರಕಾರದ ಸಹಾಯಧನಕ್ಕೆ ಕೈಯೊಡ್ಡಬೇಕಾಯಿತು. ಸಹಾಯಧನದೊಡನೆ ಷರತ್ತುಗಳೂ ಬಂದವು. ಉಪಾಧ್ಯಾಯನ ಹಸಿವನ್ನು ಮುಂದಿಟ್ಟುಕೊಂಡು ಮಗುವಿನ ನುಡಿಯನ್ನು ಹಿಂದಕ್ಕೆ ತಳ್ಳಿದ ಈ ಉಪಾಯವನ್ನು ನಮ್ಮ ವೃತ್ತಿಯವರು ಗಮನಿಸತಕ್ಕದ್ದು. ಎಷ್ಟೋ ಕಡೆ ಶಾಲೆಗೆ ಬೀಗ ಬೀಳಲಿಲ್ಲ. ಶಾಲೆ ಇದ್ದಲ್ಲಿಯೇ ಇದ್ದಿತು, ಗುರುವೂ ಅವನೇ; ಪಾಠದ ನುಡಿ ಮಾತ್ರ ಬದಲಾಯಿತು.

1918ರಲ್ಲಿ ಆಸ್ಟ್ರಿಯಾ–ಹಂಗೇರಿ ಮುರಿದುಬಿದ್ದಾಗ ಬಾನಾತಿಗಾಗಿ ರುಮೇನಿಯಾ, ಸರ್ಬಿಯಾಗಳೆರಡೂ ಕೈಚಾಚಿದವು. ಶ್ವಾಬರ ಒಂದು ದೊಡ್ಡ ಸಭೆ 1919ರ ಆಗಸ್ಟ್ 10ರಂದು ತಿಮಿಶ್ವಾರಾದಲ್ಲಿ ಸೇರಿ ರುಮೇನಿಯಾವನ್ನು ಸೇರುವ ನಿರ್ಣಯ ಮಾಡಿತು. 1920ರ ಟ್ರಿಯಾನೊನ್ ಒಪ್ಪಂದ ಗಡಿಯನ್ನು ಸ್ಥಿರಪಡಿಸಿತು. ಜರ್ಮನರು ರುಮೇನಿಯಾವನ್ನು ಒಪ್ಪಿದುದೇಕೆ? ಹಿಂದಿನ ಹದಿನೈದು ಇಪ್ಪತ್ತು ವರ್ಷಗಳ ಶಾಲೆಯ ಅನುಭವವೂ ಅದಕ್ಕೆ ಒಂದು ಕಾರಣ. ಹೊಸ ಆಡಳಿತದಲ್ಲಿ ಜರ್ಮನ್ ಶಾಲೆಗಳು ಮರಳಿ ಚಿಗುರಿದವು. 1926ರಲ್ಲಿ ತಿಮಿಶ್ವಾರಾದಲ್ಲಿ ‘ಬಾನಾತಿಯಾ’ ಎಂಬ ದೊಡ್ಡ ಜರ್ಮನ್ ವಿದ್ಯಾಸಂಸ್ಥೆಯ ಕಟ್ಟಡ ಎದ್ದಿತು. 1930ರ ಜನಗಣತಿಯಂತೆ ಆಗಿನ ರುಮೇನಿಯಾದಲ್ಲೆಲ್ಲ ಸೇರಿ 7,45,421 ಜರ್ಮನರಿದ್ದರು.

ಮಹಾಯುದ್ಧವೂ ಅದರ ಬಳಿಕವೂ

ಎರಡನೆಯ ಮಹಾಯುದ್ಧದಲ್ಲಿ ರುಮೇನಿಯಾ ಮೊದಲು ಹಿಟ್ಲರನ ಜೊತೆಗಿತ್ತು. 1943ರಲ್ಲಿ ಎರಡು ಸರಕಾರಗಳ ನಡುವೆ ಒಂದು ಒಪ್ಪಂದವಾಗಿ, ರುಮೇನಿಯಾದ ಜರ್ಮನ್ ಯುವಕರು ಹಿಟ್ಲರನ ಎಸ್.ಎಸ್. ಸೈನ್ಯದಳಗಳಿಗೆ ಸೇರತಕ್ಕದ್ದೆಂದಾಯಿತು. ಕೆಲವರು ಉತ್ಸಾಹದಿಂದ ಹೋದರು, ಕೆಲವರು ಒತ್ತಾಯಕ್ಕೆ ಹೋದರು. 1944ರ ಆಗಸ್ಟ್ 23ರಂದು ರುಮೇನಿಯಾ ಪಕ್ಷ ಬದಲಿಸಿತು. ಸೋವಿಯತ್ ಸೈನ್ಯ ಬಂದಿತು. 1945ರ ಜನವರಿಯಲ್ಲಿ 17ರಿಂದ 45 ವರ್ಷದ ಜರ್ಮನ್ ಗಂಡಸರನ್ನೂ, 18ರಿಂದ 30 ವರ್ಷದ ಹೆಂಗಸರನ್ನೂ ಮನೆಮನೆಯಿಂದ ಹಿಡಿದು, ಯುದ್ಧದಲ್ಲಿ ಹಾಳಾದುದನ್ನು ಕಟ್ಟಿಕೊಡಲೆಂದು ಸೋವಿಯತ್ ದೇಶದ ಗಣಿಗಳಿಗೂ ಕಾರ್ಖಾನೆಗಳಿಗೂ ದನದ ವ್ಯಾಗನ್ನುಗಳಲ್ಲಿ ತುಂಬಿ ಕಳಿಸಿದರು. ಹೋದವರು ಸುಮಾರು 70,000 ಮಂದಿ. ಅವರಲ್ಲಿ ಸಾವಿರಾರು ಮಂದಿ ಹಸಿವಿನಿಂದಲೂ ಚಳಿಯಿಂದಲೂ ಅಲ್ಲಿಯೇ ತೀರಿಕೊಂಡರು. ಎಸ್.ಎಸ್. ಸೇರಿದವನಿಗೂ ಮನೆಯಲ್ಲಿ ಹಿಟ್ಟು ನಾದುತ್ತಿದ್ದ ಹುಡುಗಿಗೂ ಭೇದ ಮಾಡಲಿಲ್ಲ. ನುಡಿಯೇ ಅಪರಾಧಕ್ಕೆ ಸಾಕ್ಷಿಯಾಯಿತು.

ಅದೇ ವರ್ಷದ ಮಾರ್ಚಿನ ಭೂಸುಧಾರಣೆಯಲ್ಲಿ ಜರ್ಮನರ ಹೊಲಗಳನ್ನು ಕಿತ್ತುಕೊಂಡು ಹೊಸ ಒಕ್ಕಲುಗಳಿಗೆ ಹಂಚಿದರು. ಭೂಮಿಯಿಲ್ಲದ ರುಮೇನಿಯನರು, ಸೋವಿಯತ್ ವಶಕ್ಕೆ ಹೋದ ಬೆಸ್ಸರೇಬಿಯಾ ಮತ್ತು ಬುಕೊವಿನಾಗಳಿಂದ ಓಡಿಬಂದ ನಿರಾಶ್ರಿತರು, ಬಾಲ್ಕನ್ ಪ್ರದೇಶದಿಂದ ಬಂದಿದ್ದ ಅರೊಮೇನಿಯನರು—ಹೀಗೆ ಬಾನಾತಿನ ಜರ್ಮನ್ ಹಳ್ಳಿಗಳಿಗೆ ಮತ್ತೊಂದು ವಸಾಹತು ಬಂದಿತು. ಜೋಸೆಫನ ಇಂಜಿನಿಯರುಗಳು ಎಳೆದ ಬೀದಿಗಳಲ್ಲಿ ಹಳೆಯ ಒಡೆಯನೂ ಹೊಸ ಒಡೆಯನೂ ಒಮ್ಮೊಮ್ಮೆ ಒಂದೇ ಮನೆಯ ಸೂರಿನಡಿ ಬಾಳಬೇಕಾಯಿತು. ಆದರೆ ಹೊಸಬರಿಗೂ ನೆಮ್ಮದಿ ದೊರೆಯಲಿಲ್ಲ. ಯುಗೊಸ್ಲಾವಿಯಾದ ಟಿಟೋನಿಗೂ ಸ್ಟಾಲಿನನಿಗೂ ವೈರ ಬಂದುದರಿಂದ, ಆ ಗಡಿಯಿಂದ ಸುಮಾರು 25 ಕಿಲೋಮೀಟರುಗಳೊಳಗಿನ ‘ನಂಬಲಾಗದ’ ಜನರನ್ನು 1951ರ ಜೂನ್ 18ರ ರಾತ್ರಿಯಿಂದ ಎಬ್ಬಿಸಿ, ದೇಶದ ಇನ್ನೊಂದು ಕೊನೆಯ ಬಾರಗಾನ್ ಎಂಬ ಬಟ್ಟಬಯಲಿಗೆ ಸಾಗಿಸಿದರು. ಹೀಗೆ ಹೋದ ಸುಮಾರು 40,000 ಜನರಲ್ಲಿ ಜರ್ಮನರು, ಸರ್ಬಿಯನರು, ಬಲ್ಗೇರಿಯನರು, ರುಮೇನಿಯನರು ಎಲ್ಲರೂ ಇದ್ದರು. ಆರು ವರ್ಷಗಳ ಹಿಂದಷ್ಟೆ ನಿರಾಶ್ರಿತರಾಗಿ ಬಂದು ಹೊಲ ಪಡೆದಿದ್ದ ಬೆಸ್ಸರೇಬಿಯಾದವರೂ ಇದ್ದರು. ಅಲ್ಲಿ ಅವರು ಮಣ್ಣಿನ ಗೋಡೆಗಳನ್ನು ಎಬ್ಬಿಸಿ 18 ಹೊಸ ಹಳ್ಳಿಗಳನ್ನು ಕಟ್ಟಿದರು. ಹೆಚ್ಚಿನವರು 1956ರಲ್ಲಿ ಮರಳಿ ಬಂದರು. ಊರಿನಲ್ಲಿ ಅಷ್ಟು ಹೊತ್ತಿಗೆ ಸಾಮೂಹಿಕ ಬೇಸಾಯ ಹರಡುತ್ತಿತ್ತು. 1962ರ ಹೊತ್ತಿಗೆ ದೇಶದಲ್ಲೆಲ್ಲ ಅದು ಮುಗಿಯಿತು. ಯಾರ ಹೊಲವೂ ಯಾರದೂ ಆಗಿ ಉಳಿಯಲಿಲ್ಲ.

ನಿಟ್ಸ್ಕಿಡಾರ್ಫಿನ ಒಂದು ಮನೆಯ ಕಥೆ ಈ ಎಲ್ಲವನ್ನೂ ಒಳಗೊಂಡಿದೆ. 1953ರ ಆಗಸ್ಟ್ 17ರಂದು ಅಲ್ಲಿ ಹೆರ್ಟಾ ಮ್ಯೂಲರ್ ಹುಟ್ಟಿದರು. ಅವರ ಅಜ್ಜ ಅನುಕೂಲಸ್ಥ ರೈತನೂ ವರ್ತಕನೂ ಆಗಿದ್ದು ಆಸ್ತಿಯನ್ನು ಕಳೆದುಕೊಂಡವರು. ತಂದೆ ಎಸ್.ಎಸ್. ಸೈನ್ಯದಲ್ಲಿದ್ದು ಬಂದು ಲಾರಿ ಓಡಿಸಿ ಬದುಕಿದವರು. ತಾಯಿ ಹದಿನೇಳನೆಯ ವಯಸ್ಸಿನಲ್ಲಿ ಸೋವಿಯತ್ ಶ್ರಮಶಿಬಿರಕ್ಕೆ ಹೋಗಿ ಐದು ವರ್ಷ ಕಳೆದವರು. ಹೆರ್ಟಾ ಅವರಿಗೆ ಮನೆಯಲ್ಲಿಯೂ ಊರಿನಲ್ಲಿಯೂ ಜರ್ಮನ್. ರುಮೇನಿಯನ್ ಚೆನ್ನಾಗಿ ಬಂದುದು ಪಟ್ಟಣದ ಶಾಲೆಗೆ ಹೋದ ಮೇಲೆ. 1982ರಲ್ಲಿ ಬುಕಾರೆಸ್ಟಿನಲ್ಲಿ ಅವರ ಮೊದಲ ಕಥಾಸಂಗ್ರಹ, ಸೆನ್ಸಾರಿನ ಕತ್ತರಿಗೆ ಸಿಕ್ಕಿ, ಪ್ರಕಟವಾಯಿತು. ಅದರಲ್ಲಿ ಅವರು ತಮ್ಮ ಹಳ್ಳಿಯ ಸಂಕುಚಿತ ಬಾಳನ್ನೂ, ಕಳೆದ ಯುದ್ಧದ ಬಗ್ಗೆ ಹಿರಿಯರು ಸಾಧಿಸಿದ ಮೌನವನ್ನೂ ನಿರ್ದಾಕ್ಷಿಣ್ಯವಾಗಿ ಬರೆದರು. ಸರಕಾರ ಮುನಿಯಿತು, ಅವರ ಸ್ವಂತ ಜನರಾದ ಶ್ವಾಬರಲ್ಲಿ ಅನೇಕರೂ ಮುನಿದರು. ಅಲ್ಪಸಂಖ್ಯಾತರಾದವರು ಹೊರಗಿನವರ ಮುಂದೆ ತಮ್ಮ ದೋಷವನ್ನು ಹೇಳಬಾರದೆಂಬುದು ಎಲ್ಲ ಕಡೆಯೂ ಇರುವ ಅಲಿಖಿತ ಕಟ್ಟಳೆ. ಆ ಕಟ್ಟಳೆಯನ್ನು ಮುರಿದುದರಿಂದಲೇ ಅವರ ಬರಹ ಬೆಲೆಯುಳ್ಳದ್ದಾಯಿತೆಂದು ನಮ್ಮ ಭಾವನೆ. 1987ರಲ್ಲಿ ಅವರು ಪಶ್ಚಿಮ ಬರ್ಲಿನಿಗೆ ಹೋದರು. ಶ್ರಮಶಿಬಿರದ ಬಾಳನ್ನು ಕುರಿತ ಅವರ ಕಾದಂಬರಿ 2009ರಲ್ಲಿ ಬಂದಿತು; ಸ್ವತಃ ಆ ಶಿಬಿರವನ್ನು ಅನುಭವಿಸಿದ ಕವಿ ಆಸ್ಕರ್ ಪಾಸ್ಟಿಯೋರ್ ಹೇಳಿದ ನೆನಪುಗಳು ಅದಕ್ಕೆ ಆಧಾರ. ಅದೇ ವರ್ಷ ಅವರಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ದೊರೆಯಿತು.

ತಲೆಯೊಂದಕ್ಕೆ ಇಷ್ಟೆಂದು

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಸಾಮ್ಯವಾದಿ ರುಮೇನಿಯಾದಲ್ಲಿ ಜರ್ಮನ್ ನುಡಿಗೆ ನಿಷೇಧವಿರಲಿಲ್ಲ. 1948ರಿಂದ ಜರ್ಮನ್ ಶಾಲೆಗಳು ಮತ್ತೆ ನಡೆದವು. 1949ರಿಂದ ಜರ್ಮನ್ ದಿನಪತ್ರಿಕೆಯೊಂದು ಹೊರಟಿತು. 1953ರಲ್ಲಿ ತಿಮಿಶ್ವಾರಾದಲ್ಲಿ ಜರ್ಮನ್ ನಾಟಕಶಾಲೆಯೂ ಆರಂಭವಾಯಿತು. ಪಠ್ಯಪುಸ್ತಕಗಳಿದ್ದವು, ಉಪಾಧ್ಯಾಯರಿದ್ದರು. ಆದರೂ ಜನ ಹೊರಡಲು ಹಾತೊರೆದರು. ಹೊಲವಿಲ್ಲ, ಬಾಯಿಬಿಟ್ಟು ಮಾತಾಡುವಂತಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ. ಆಚೆ ಪಶ್ಚಿಮ ಜರ್ಮನಿಯಲ್ಲಿ ಎಲ್ಲವೂ ಇದೆ, ಮತ್ತು ಅದು ನಮ್ಮದೇ ನುಡಿಯ ನಾಡು ಎಂಬ ಭಾವನೆ. ಪಶ್ಚಿಮ ಜರ್ಮನಿಯ ಸರಕಾರವು ಅವರನ್ನು ಬಿಡಿಸಿಕೊಳ್ಳಲು ರುಮೇನಿಯಾಕ್ಕೆ ತಲೆಯೊಂದಕ್ಕೆ ಇಷ್ಟೆಂದು ಗುಟ್ಟಾಗಿ ಹಣ ಕೊಟ್ಟಿತು; ಓದಿದವನಿಗೆ ಹೆಚ್ಚು, ಓದದವನಿಗೆ ಕಡಿಮೆ ಎಂಬ ದರಪಟ್ಟಿಯೂ ಇತ್ತು. 1978ರ ಜನವರಿಯಲ್ಲಿ ಹೆಲ್ಮುಟ್ ಶ್ಮಿಟ್ ಮತ್ತು ಚೌಶೆಸ್ಕು ಇವರ ನಡುವೆ ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ಜನರನ್ನು ಬಿಡುವ ಮಾತಾಯಿತು. 1989ರ ಡಿಸೆಂಬರಿನಲ್ಲಿ ಚೌಶೆಸ್ಕು ಬಿದ್ದಾಗ ಗಡಿ ತೆರೆಯಿತು; 1990ರ ಒಂದೇ ವರ್ಷದಲ್ಲಿ ಲಕ್ಷಕ್ಕೂ ಮಿಕ್ಕ ಜರ್ಮನರು ಹೊರಟುಹೋದರು. ಜನಗಣತಿಯ ಅಂಕೆಗಳನ್ನು ನೋಡಿರಿ: 1956ರಲ್ಲಿ 3,84,708, 1977ರಲ್ಲಿ 3,59,109, 1992ರಲ್ಲಿ 1,19,462, 2011ರಲ್ಲಿ 36,042, 2021ರಲ್ಲಿ ಸುಮಾರು 23,000.

ಇಂದು ನಿಟ್ಸ್ಕಿಡಾರ್ಫಿನಲ್ಲಿ ಬಹುಸಂಖ್ಯಾತರು ರುಮೇನಿಯನರು; ಜರ್ಮನರು ಬೆರಳೆಣಿಕೆಯಷ್ಟು. ಬಾನಾತಿನ ಬೇರೆ ಹಳ್ಳಿಗಳಲ್ಲಿ ಬೇರೆ ಬೇರೆ ಜನ ಬಂದರು: ಲುಗೋಜ್ ಸಮೀಪದ ಶ್ಟಿಯೂಕಾ ಎಂಬ ಹಳೆಯ ಜರ್ಮನ್ ಹಳ್ಳಿಯಲ್ಲಿ ಈಗ ಉಕ್ರೇನಿಯನರೇ ಹೆಚ್ಚು. ಚದುರಂಗದ ಬೀದಿಗಳು ಇವೆ, ಚರ್ಚುಗಳಿವೆ, ಗೋರಿಗಳ ಮೇಲೆ ಜರ್ಮನ್ ಅಕ್ಷರಗಳಿವೆ. ಮತ್ತೊಂದು ವಿಶೇಷವೆಂದರೆ ತಿಮಿಶ್ವಾರಾದ ನಿಕೋಲಾಸ್ ಲೆನಾವ್ ಜರ್ಮನ್ ಶಾಲೆಯು ಇಂದಿಗೂ ನಡೆಯುತ್ತಿದೆ. ಹೆರ್ಟಾ ಮ್ಯೂಲರ್ ಓದಿದುದು ಅಲ್ಲಿ. 2014ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಸ್ಟೆಫಾನ್ ಹೆಲ್ ಕೂಡ ಅಲ್ಲಿ ಕೆಲಕಾಲ ಓದಿದವರು. ಈಗ ಅದರ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ರುಮೇನಿಯನ್ ಮನೆಗಳ ಮಕ್ಕಳು. ಶಾಲೆ ಉಳಿಯಿತು, ಆ ನುಡಿಯನ್ನು ತೊಟ್ಟಿಲಲ್ಲಿ ಕೇಳಿದ ಮಕ್ಕಳು ಉಳಿಯಲಿಲ್ಲ.

ಇನ್ನೊಂದು ಹಳ್ಳಿ

ಇದೇ ಬಾನಾತಿನ ಪಶ್ಚಿಮದ ತುದಿಯಲ್ಲಿ ಬಲ್ಗೇರಿಯನರ ಹಳ್ಳಿಯೊಂದಿದೆ. ಅವರು ಅದನ್ನು ಸ್ತಾರ್ ಬಿಶ್ನೋವ್ ಎನ್ನುತ್ತಾರೆ. ಸರಕಾರಿ ಹೆಸರು ದುದೇಶ್ತಿ ವೇಕಿ. ಡ್ಯಾನ್ಯೂಬಿನ ದಕ್ಷಿಣದ ಬಲ್ಗೇರಿಯಾದಲ್ಲಿ 1688ರಲ್ಲಿ ತುರ್ಕರ ವಿರುದ್ಧ ನಡೆದ ಚಿಪ್ರೋವ್ತ್ಸಿ ದಂಗೆ ಮುರಿದುಬಿದ್ದಾಗ, ಅಲ್ಲಿಯ ಕ್ಯಾಥೋಲಿಕ್ ಬಲ್ಗೇರಿಯನರು ನದಿ ದಾಟಿ ಓಡತೊಡಗಿದರು. ಹಂತಹಂತವಾಗಿ ಮುಂದುವರಿದು ಕೆಲವರು 1738ರಲ್ಲಿ ಈ ಹಳ್ಳಿಗೂ, ಕೆಲವರು 1741ರಲ್ಲಿ ವಿಂಗಾ ಎಂಬ ಊರಿಗೂ ಬಂದು ನೆಲಸಿದರು. ಇವರು ಬಂದುದು ಶ್ವಾಬರ ಮೊದಲನೆಯ ಅಲೆ ಅಳಿದುಹೋಗುತ್ತಿದ್ದ ಪ್ಲೇಗಿನ ಕಾಲದಲ್ಲಿ.

ಇವರು ಕೆಲವೇ ಸಾವಿರ ಜನ. ಚರ್ಚಿನಲ್ಲಿಯೂ ಶಾಲೆಯಲ್ಲಿಯೂ ಬಹುಕಾಲ ಕ್ರೊಯೇಷಿಯನ್ ಗ್ರಂಥಗಳಿದ್ದವೇ ಹೊರತು ಅವರ ಆಡುನುಡಿಗೆ ಬರವಣಿಗೆಯ ಸ್ಥಾನವಿರಲಿಲ್ಲ. 1866ರಲ್ಲಿ ಯೋಜು ರಿಲ್ ಎಂಬ ಒಬ್ಬ ಉಪಾಧ್ಯಾಯನು ಈ ನುಡಿಗೆ ಲ್ಯಾಟಿನ್ ಲಿಪಿಯಲ್ಲಿ ಕಾಗುಣಿತದ ನಿಯಮಗಳನ್ನು ಗೊತ್ತುಪಡಿಸಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಬಲ್ಗೇರಿಯಾದಲ್ಲಿಯಾದರೋ ಲಿಪಿ ಸಿರಿಲಿಕ್. ಆದರೆ ಬಾನಾತಿನವರು ಅಲ್ಲಿಯ ಅಪ್ಪಣೆಗಾಗಿ ಕಾಯಲಿಲ್ಲ. ತಮ್ಮ ಮಕ್ಕಳಿಗೆ ಪರಿಚಿತವಾದ ಅಕ್ಷರಗಳಲ್ಲಿಯೇ, ತಮ್ಮ ಬಾಯಲ್ಲಿರುವ ರೂಪದಲ್ಲಿಯೇ ನುಡಿಯನ್ನು ಬರೆದುಕೊಂಡರು. ಪ್ರಾರ್ಥನೆಯ ಪುಸ್ತಕಗಳು, ಪಂಚಾಂಗಗಳು, ಪಾಠಪುಸ್ತಕಗಳು ಬಂದವು. 1935ರಿಂದ 1943ರ ವರೆಗೆ ಆ ನುಡಿಯಲ್ಲಿ ಒಂದು ವಾರ್ತಾಪತ್ರಿಕೆಯೂ ನಡೆಯಿತು.

1878ರಲ್ಲಿ ಬಲ್ಗೇರಿಯಾ ಸ್ವಯಮಾಡಳಿತದ ರಾಜ್ಯವಾಗಿ ತಲೆಯೆತ್ತಿದಾಗ ಕೆಲವರು ಹಿಂದಿರುಗಿ ಹೋಗಿ 1887ರಲ್ಲಿ ಬರ್ದಾರ್ಸ್ಕಿ ಗೆರಾನ್ ಎಂಬ ಹಳ್ಳಿಯನ್ನು ಅಲ್ಲಿ ಕಟ್ಟಿಕೊಂಡರು. ಉಳಿದವರು ಬಾನಾತಿನಲ್ಲಿಯೇ ನಿಂತರು. ಬಾರಗಾನಿನ ಗಡೀಪಾರು ಇವರನ್ನೂ ಬಿಡಲಿಲ್ಲ. ಸಾಮೂಹಿಕ ಬೇಸಾಯವೂ ಬಿಡಲಿಲ್ಲ. ಆದರೂ ಹಳ್ಳಿ ಇಂದಿಗೂ ಬಲ್ಗೇರಿಯನರದೇ. 1989ರ ಬಳಿಕ ಅವರ ಸಂಘ ಮತ್ತೆ ಎದ್ದಿತು. ರುಮೇನಿಯಾದ ಸಂವಿಧಾನವು ಇಂಥ ಸಣ್ಣ ಜನಾಂಗಗಳ ಸಂಸ್ಥೆಗಳಿಗೆ, ಸಾಕಷ್ಟು ಮತ ದೊರೆಯದಿದ್ದರೂ, ಪಾರ್ಲಿಮೆಂಟಿನಲ್ಲಿ ಒಂದೊಂದು ಸ್ಥಾನವನ್ನು ಮೀಸಲಿಟ್ಟಿದೆ. ಅದರಲ್ಲಿ ಒಂದು ಇವರ ಪಾಲಿಗೆ ಬಂದಿತು. 2001ರ ಕಾನೂನಿನಂತೆ ಒಂದು ಜನಾಂಗ ಶೇಕಡ 20ಕ್ಕೆ ಮೀರಿದ ಊರುಗಳಲ್ಲಿ ಊರ ಹೆಸರಿನ ಫಲಕವನ್ನು ಅವರ ನುಡಿಯಲ್ಲಿಯೂ ಬರೆಯತಕ್ಕದ್ದು. ಗ್ರಾಮದ ಕಚೇರಿಯಲ್ಲಿಯೂ ಆ ನುಡಿಗೆ ಎಡೆಯುಂಟು.

ಎರಡು ಹಳ್ಳಿಗಳ ತುಲನೆ

ಲಕ್ಷಗಟ್ಟಲೆ ಜನ, ಸಮೃದ್ಧ ಸಾಹಿತ್ಯ, ಶಾಲೆ, ಪತ್ರಿಕೆ, ನಾಟಕಶಾಲೆ ಎಲ್ಲವೂ ಇದ್ದ ಜರ್ಮನರು ಹೋದರು. ಸಾವಿರಗಟ್ಟಲೆ ಮಾತ್ರ ಇದ್ದ ಬಲ್ಗೇರಿಯನರು ನಿಂತರು. ಇದಕ್ಕೆ ಅನೇಕ ಕಾರಣಗಳಿರಬಹುದು. ನಮಗೆ ಮುಖ್ಯವಾಗಿ ಕಾಣುವುದು ಒಂದು. ಬಾನಾತಿನ ಜರ್ಮನರ ಬೆನ್ನಿಗೆ ಎಲ್ಲ ಕಾಲದಲ್ಲಿಯೂ ಒಂದು ದೊಡ್ಡ ರಾಜ್ಯವಿತ್ತು. ಅದು ಅವರನ್ನು ತಂದು ನೆಲಸಿದ್ದು ತನ್ನ ಗಡಿಗಾಗಿ. 1943ರಲ್ಲಿ ಇನ್ನೊಂದು ರಾಜ್ಯ ಅದೇ ನುಡಿಯ ಹೆಸರಿನಲ್ಲಿ ಅವರ ಮಕ್ಕಳನ್ನು ಕೇಳಿದುದು ತನ್ನ ಯುದ್ಧಕ್ಕಾಗಿ. ಆ ಯುದ್ಧದ ಪಾಪದ ಹೊರೆ ಬಿದ್ದುದು ಹಳ್ಳಿಯ ಮೇಲೆ. ಕೊನೆಗೆ ಮೂರನೆಯ ರಾಜ್ಯವು ಕನಿಕರದಿಂದಲೇ ಹಣ ತೆತ್ತು ಅವರನ್ನು ಕರೆದುಕೊಂಡಿತು. ಒಬ್ಬೊಬ್ಬ ಮನುಷ್ಯನಿಗೆ ಅದು ಬಿಡುಗಡೆ. ಹಳ್ಳಿಗೆ ಅದು ಅಂತ್ಯ. ಹೊರಟವರನ್ನು ದೂಷಿಸುವ ಹಕ್ಕು ನಮಗಿಲ್ಲ. ದನದ ವ್ಯಾಗನ್ನಿನಲ್ಲಿ ಹೋಗಿ ಬಂದವರ ಮಕ್ಕಳು ಇನ್ನೊಂದು ರೈಲನ್ನು ಸ್ವಂತ ಇಚ್ಛೆಯಿಂದ ಹತ್ತಿದರೆ ಅದು ತಪ್ಪೆನ್ನುವವರು ಯಾರು?

ಬಲ್ಗೇರಿಯನರಿಗೆ ಅಂಥ ರಾಜ್ಯವೊಂದು ಸಿಗಲಿಲ್ಲ. ಬೆಲೆ ಕೊಟ್ಟು ಕೊಳ್ಳುವವರೂ ಬರಲಿಲ್ಲ. ದೊಡ್ಡವರ ಜಗಳದಲ್ಲಿ ಅವರ ಹೆಸರನ್ನು ಹಿಡಿದು ಕರೆದವರೂ ಕಡಿಮೆ. ಇದ್ದಲ್ಲಿಯೇ ಬೇರೂರುವುದನ್ನು ಬಿಟ್ಟರೆ ಅವರಿಗೆ ಬೇರೆ ದಾರಿಯಿರಲಿಲ್ಲ. ಆ ಬೇರಿಗೆ ನೀರೆರೆದುದು ಚರ್ಚು, ಮನೆ ಮತ್ತು ಒಬ್ಬ ಹಳ್ಳಿಯ ಉಪಾಧ್ಯಾಯನ ಕಾಗುಣಿತದ ಪುಸ್ತಕ.

ಗಡಿಯಾಚೆಯ ಕನ್ನಡಿಗರಾದ ನಾವು ಯಾರೂ ತಂದು ನೆಲಸಿದ ವಸಾಹತಿನವರಲ್ಲ. ನಮ್ಮ ಹಿರಿಯರು ಇದ್ದಲ್ಲಿಯೇ ಇದ್ದರು, ಗೆರೆಯೇ ಸರಿದುಹೋಯಿತು. ಆದುದರಿಂದ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿಸಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠದ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಆ ವಿಧಿ ನಮ್ಮ ಆಸರೆ, ಅದನ್ನು ಬಿಡುವಂತಿಲ್ಲ. ಆದರೆ ನಿಟ್ಸ್ಕಿಡಾರ್ಫನ್ನು ನೆನೆದಾಗ ಕಾನೂನು, ಕಟ್ಟಡ, ಪಠ್ಯಪುಸ್ತಕ ಇಷ್ಟರಿಂದಲೇ ನುಡಿ ಉಳಿಯಿತೆಂದು ನಿಶ್ಚಿಂತರಾಗಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಊರಿನಲ್ಲಿ ಬದುಕುವ ಆಸೆ ಮತ್ತು ಅನುಕೂಲ ನಮ್ಮ ಹುಡುಗರಿಗೆ ಇದೆಯೇ, ನೆರೆಯ ನುಡಿಯವರೊಡನೆ ನಂಬಿಕೆಯಿಂದ ಬಾಳುತ್ತಿದ್ದೇವೆಯೇ ಎಂಬ ಪ್ರಶ್ನೆಗಳನ್ನೂ ಶಾಲೆಯ ಪ್ರಶ್ನೆಯೊಡನೆಯೇ ಕೇಳಬೇಕು.

ಉಪಾಧ್ಯಾಯಮಿತ್ರರಲ್ಲಿ ಒಂದು ಸೂಚನೆ. ಮುಂದಿನ ಚರಿತ್ರೆಯ ತರಗತಿಯಲ್ಲಿ ಮಕ್ಕಳಿಂದ ತಮ್ಮ ತಮ್ಮ ಊರಿನ ಲೆಕ್ಕವನ್ನು ಬರೆಯಿಸಬಹುದು: ಯಾವ ಮನೆತನ ಎಲ್ಲಿಂದ ಬಂದಿತು, ಎಷ್ಟು ತಲೆಮಾರಾಯಿತು, ಅಜ್ಜಿ ಯಾವ ನುಡಿಯಲ್ಲಿ ಲಾಲಿ ಹಾಡುತ್ತಿದ್ದಳು, ಯಾವ ಮನೆಗೆ ಈಗ ಬೀಗ ಬಿದ್ದಿದೆ, ಆ ಮನೆಯವರು ಎಲ್ಲಿಗೆ ಹೋದರು. ಅದಕ್ಕೆ ಪುಸ್ತಕ ಬೇಕಿಲ್ಲ; ಸಂಜೆ ಮನೆಯ ಜಗಲಿಯಲ್ಲಿ ಕುಳಿತ ಹಿರಿಯರು ಸಾಕು. ಹಾಗೆ ಬರೆದ ಹಾಳೆಗಳನ್ನು ಶಾಲೆಯ ಕಪಾಟಿನಲ್ಲಿ ಜೋಪಾನವಾಗಿಡಬೇಕು.